ಡಿವಿಡಿಯಿಂದ ಆಪರೇಟಿಂಗ್ ಸಿಸ್ಟಂ: ಸ್ಥಾಪನೆಗೆ ಮುಂಚಿನ ಸಿದ್ಧತೆ

ಕಂಪ್ಯೂಟರಿನ ಎಲ್ಲ ಭಾಗಗಳನ್ನೂ ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಅದರ ನಂತರ, ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಘಟಕವಿಲ್ಲದ ಹಳೆಯ ಯಂತ್ರಗಳನ್ನು ಮೂಲೆಗೆ ಸೇರಿಸದೆ ಬಳಸಲು ಇರುವ ದಾರಿಗಳಲ್ಲಿ ಡೆಬಿಯನ್‌ನಂಥ ಲಿನಕ್ಸ್ ವ್ಯವಸ್ಥೆಯೊಂದನ್ನು ಸ್ಥಾಪಿಸುವುದು ಮುಖ್ಯವಾದುದು. ಅಂಥ ಎಷ್ಟೋ ಯಂತ್ರಗಳಲ್ಲಿ ಡಿವಿಡಿ ಡ್ರೈವ್ ಇನ್ನೂ ಇರುವುದರಿಂದ, ಪೆನ್ ಡ್ರೈವ್‌ಗಳ ಈ ಕಾಲದಲ್ಲಿಯೂ ಡಿಸ್ಕಿನಿಂದ ಸ್ಥಾಪಿಸುವ ವಿಧಾನ ಉಪಯೋಗಕ್ಕೆ ಬರುತ್ತದೆ. ಒಮ್ಮೆ ಆರಂಭವಾದ ಸ್ಥಾಪನೆ ಹೆಚ್ಚಿನಂಶ ತಾನಾಗಿಯೇ ಸಾಗುತ್ತದೆ. ತೊಡಕುಗಳು ಹುಟ್ಟುವುದು ಬಹುಪಾಲು ಅದಕ್ಕೆ ಮುಂಚಿನ ಸಿದ್ಧತೆಯಲ್ಲಿ. ಈ ಸಿದ್ಧತೆಯ ಪ್ರತಿಯೊಂದು ಹಂತಕ್ಕೂ ಯಂತ್ರದ ರಚನೆಯಲ್ಲಿಯೇ ಕಾರಣವಿದೆ.

ವಿದ್ಯುತ್ ಹರಿದ ಕ್ಷಣದಲ್ಲಿ ಕಂಪ್ಯೂಟರಿನ ತಾತ್ಕಾಲಿಕ ಸ್ಮೃತಿಯಾದ ರ‍್ಯಾಮ್‌ನಲ್ಲಿ ಉಪಯುಕ್ತವಾದುದೇನೂ ಇರುವುದಿಲ್ಲ. ಪ್ರೊಸೆಸರ್ ತನ್ನ ಮೊದಲ ಆದೇಶಗಳನ್ನು ಮದರ್‌ಬೋರ್ಡಿನ ಮೇಲಿನ ಚಿಪ್ ಒಂದರಲ್ಲಿ ನೆಲೆಸಿರುವ ಪುಟ್ಟ ತಂತ್ರಾಂಶದಿಂದ ಪಡೆಯುತ್ತದೆ. 1981ರ ಐಬಿಎಂ ಪರ್ಸನಲ್ ಕಂಪ್ಯೂಟರಿನಿಂದ ಬಂದ ರೂಢಿಯಂತೆ ಅದಕ್ಕೆ ಬಯಾಸ್ ಎಂದು ಹೆಸರು. ಬಯಾಸ್ ಮೊದಲು ಯಂತ್ರದ ಭಾಗಗಳನ್ನು ಪರೀಕ್ಷಿಸಿ, ಅನಂತರ ತನ್ನಲ್ಲಿ ದಾಖಲಾಗಿರುವ ಅನುಕ್ರಮದಂತೆ ಒಂದೊಂದೇ ಸಾಧನವನ್ನು ಹುಡುಕುತ್ತ ಹೋಗುತ್ತದೆ. ಹಾರ್ಡ್ ಡಿಸ್ಕಾದರೆ ಅದರ ಮೊದಲ ಸೆಕ್ಟರನ್ನು, ಎಂದರೆ 512 ಬೈಟುಗಳ ಮೊದಲ ತುಣುಕನ್ನು, ಓದಿ, ಕೊನೆಯ ಎರಡು ಬೈಟುಗಳಲ್ಲಿ ನಿಗದಿಯಾದ ಗುರುತು ಕಂಡರೆ ನಿಯಂತ್ರಣವನ್ನು ಅಲ್ಲಿರುವ ಆದೇಶಗಳಿಗೆ ಒಪ್ಪಿಸುತ್ತದೆ. ಹೀಗೆ ಒಂದು ತಂತ್ರಾಂಶ ಇನ್ನೊಂದನ್ನು ಎಬ್ಬಿಸುವ ಸರಪಳಿಯೇ ಬೂಟ್ ಪ್ರಕ್ರಿಯೆ.

ಸಿಡಿಯ ವಿಷಯದಲ್ಲಿ ಈ ಸರಪಳಿ ಬಹುಕಾಲ ಕೂಡಿಬರಲಿಲ್ಲ. ದತ್ತಾಂಶದ ಸಿಡಿಯ ಸೆಕ್ಟರ್ 512 ಬೈಟುಗಳದ್ದಲ್ಲ, 2048 ಬೈಟುಗಳದ್ದು. ಅದರ ಕಡತಗಳ ಜೋಡಣೆಯನ್ನು ನಿರೂಪಿಸುವ ಐಎಸ್‌ಒ 9660 ಎಂಬ ಮಾನಕವೂ ಹಾರ್ಡ್ ಡಿಸ್ಕಿನ ಪದ್ಧತಿಗಿಂತ ಬೇರೆ. ಆದ್ದರಿಂದ ಮೊದಲು ಫ್ಲಾಪಿಯೊಂದರಿಂದ ಯಂತ್ರವನ್ನು ಎಬ್ಬಿಸಿ, ಸಿಡಿ ಡ್ರೈವನ್ನು ನಡೆಸುವ ಚಾಲಕ ತಂತ್ರಾಂಶವನ್ನು ಅದರಿಂದಲೇ ಓದಿಸಿ, ಆಮೇಲೆ ಸಿಡಿಯತ್ತ ಹೊರಳಬೇಕಾಗುತ್ತಿತ್ತು. 1995ರಲ್ಲಿ ಫೀನಿಕ್ಸ್ ಟೆಕ್ನಾಲಜೀಸ್ ಮತ್ತು ಐಬಿಎಂ ಸೇರಿ ಪ್ರಕಟಿಸಿದ ಎಲ್ ಟೊರಿಟೊ ಎಂಬ ನಿಯಮಾವಳಿ ಈ ಕೊರತೆಯನ್ನು ನೀಗಿಸಿತು. ಅದರ ಪ್ರಕಾರ, ಸೊನ್ನೆಯಿಂದ ಎಣಿಸಿದಾಗ 17ನೆಯದಾಗುವ ಸೆಕ್ಟರಿನಲ್ಲಿ ಒಂದು ಬೂಟ್ ದಾಖಲೆಯಿರುತ್ತದೆ. ಅದು ಡಿಸ್ಕಿನ ಬೇರೊಂದೆಡೆಯಲ್ಲಿರುವ ಸೂಚಿಯನ್ನು ತೋರಿಸುತ್ತದೆ, ಆ ಸೂಚಿಯು ಚಾಲನೆಗೊಳಿಸಬೇಕಾದ ತಂತ್ರಾಂಶ ಎಲ್ಲಿದೆಯೆಂದು ತಿಳಿಸುತ್ತದೆ. ಅಗ್ಗದ ಯಂತ್ರಗಳಲ್ಲಿಯೂ ಲಿನಕ್ಸನ್ನು ಸುಲಭವಾಗಿ ಹಾಕಿಕೊಳ್ಳುವಂತಾದುದರ ಹಿಂದೆ ಈ ಸಣ್ಣ ಒಪ್ಪಂದದ ಪಾಲು ದೊಡ್ಡದು.

ಹೊಸಬರು ಪದೇ ಪದೇ ಮಾಡುವ ಒಂದು ತಪ್ಪಿನ ಕಾರಣವೂ ಇದರಿಂದ ಸ್ಪಷ್ಟವಾಗುತ್ತದೆ. ಅಂತರಜಾಲದಿಂದ ಇಳಿಸಿಕೊಂಡ ಐಎಸ್‌ಒ ಕಡತವು ಇಡೀ ಡಿಸ್ಕಿನ ಸೆಕ್ಟರುಗಳ ಯಥಾವತ್ ಪ್ರತಿ. ಅದನ್ನು ಸಾಮಾನ್ಯ ಕಡತವೆಂದು ಬಗೆದು ಡಿವಿಡಿಗೆ ನಕಲಿಸಿದರೆ ಅದು ಡಿಸ್ಕಿನೊಳಗಿನ ಒಂದು ಕಡತವಾಗಿ ಉಳಿಯುತ್ತದೆಯೇ ಹೊರತು, ಬೂಟ್ ದಾಖಲೆ ತನ್ನ ನಿಗದಿತ ಸೆಕ್ಟರಿನಲ್ಲಿ ಬಂದು ಕೂರುವುದಿಲ್ಲ. ವಿಂಡೋಸ್ 7ರಿಂದ ಈಚೆಗಿನ ಆವೃತ್ತಿಗಳಲ್ಲಿರುವ, ಡಿಸ್ಕ್ ಇಮೇಜನ್ನು ಬರ್ನ್ ಮಾಡುವ ಸೌಲಭ್ಯವನ್ನೇ ಇದಕ್ಕೆ ಬಳಸಬೇಕು. ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ ಮಾತ್ರ ಹಿಡಿಯುವುದರಿಂದ ಕಡತದ ಗಾತ್ರವನ್ನೂ ಮೊದಲೇ ನೋಡಿಕೊಳ್ಳುವುದು ಒಳಿತು.

ಬರ್ನ್ ಮಾಡುವ ಮೊದಲು ಕಡತದ ಶುದ್ಧತೆಯನ್ನು ಪರೀಕ್ಷಿಸಬೇಕು. ಡೆಬಿಯನ್ ಯೋಜನೆಯು ತನ್ನ ಪ್ರತಿಯೊಂದು ಐಎಸ್‌ಒ ಕಡತದ ಜೊತೆಗೆ ಎಸ್‌ಎಚ್‌ಎ-256 ಎಂಬ ಗಣಿತ ವಿಧಾನದಿಂದ ಪಡೆದ, 64 ಅಂಕಾಕ್ಷರಗಳ ಮೊತ್ತವನ್ನು ಪ್ರಕಟಿಸುತ್ತದೆ. ಕಡತದ ಒಂದೇ ಒಂದು ಬಿಟ್ ಬದಲಾದರೂ ಈ ಮೊತ್ತ ಗುರುತೇ ಸಿಗದಷ್ಟು ಬೇರೆಯಾಗುವುದರಿಂದ, ಇಳಿಸಿಕೊಂಡ ಕಡತದ ಮೊತ್ತವನ್ನು ಮತ್ತೆ ಲೆಕ್ಕಹಾಕಿ ಹೋಲಿಸಿದರೆ ದೋಷವಿದ್ದಲ್ಲಿ ತಕ್ಷಣ ಗೊತ್ತಾಗುತ್ತದೆ.

ಮುಂದಿನದು ಬೂಟ್ ಅನುಕ್ರಮ. ಯಂತ್ರ ಶುರುವಾಗುವಾಗ ಡಿಲೀಟ್, ಎಫ್2, ಎಫ್12, ಎಸ್ಕೇಪ್ ಮೊದಲಾದ ಕೀಲಿಗಳಲ್ಲಿ ತಯಾರಕರು ಗೊತ್ತುಪಡಿಸಿದ ಒಂದನ್ನು ಒತ್ತಿ ಡಿವಿಡಿ ಡ್ರೈವನ್ನು ಮೊದಲ ಸ್ಥಾನಕ್ಕೆ ತರಬೇಕು. 2012ರ ಆಸುಪಾಸಿನಿಂದ ಈಚಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಬಯಾಸಿನ ಉತ್ತರಾಧಿಕಾರಿಯಾದ ಯುಇಎಫ್‌ಐ ಇರುತ್ತದೆ. ಅದು ಮೊದಲ ಸೆಕ್ಟರನ್ನು ನೆಚ್ಚಿಕೊಳ್ಳದೆ, ಡಿಸ್ಕಿನ ವಿಶೇಷ ವಿಭಾಗವೊಂದರಲ್ಲಿರುವ ಬೂಟ್ ಕಡತವನ್ನು ತಾನೇ ಹುಡುಕಿ ಓದಬಲ್ಲದು. ಇಂಥ ಯಂತ್ರದಲ್ಲಿ ಒಂದೇ ಡಿವಿಡಿ ಆಯ್ಕೆಯ ಪಟ್ಟಿಯಲ್ಲಿ ಎರಡು ಬಾರಿ, ಒಮ್ಮೆ ಯುಇಎಫ್‌ಐ ರೂಪದಲ್ಲಿ, ಇನ್ನೊಮ್ಮೆ ಹಳೆಯ ಬಯಾಸ್ ರೂಪದಲ್ಲಿ ಕಾಣಿಸಬಹುದು. ಈಗಾಗಲೇ ಇರುವ ವಿಂಡೋಸ್ ಯಾವ ರೂಪದಲ್ಲಿ ಸ್ಥಾಪಿತವಾಗಿದೆಯೋ ಅದನ್ನೇ ಆರಿಸದಿದ್ದರೆ, ಎರಡೂ ವ್ಯವಸ್ಥೆಗಳು ಒಂದೇ ಆರಂಭಿಕ ಪಟ್ಟಿಯಲ್ಲಿ ಸೇರುವುದಿಲ್ಲ. ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಸೌಲಭ್ಯವನ್ನು ಲಿನಕ್ಸಿಗಾಗಿ ನಿಲ್ಲಿಸಲೇಬೇಕೆಂಬ ಹಳೆಯ ಸಲಹೆ ಈಗ ಎಲ್ಲೆಡೆಯೂ ಸಲ್ಲುವುದಿಲ್ಲ. 2019ರಲ್ಲಿ ಬಂದ ಡೆಬಿಯನ್ 10ರಿಂದ ಅದಕ್ಕೆ ಬೆಂಬಲವಿದೆ.

ವಿಂಡೋಸನ್ನು ಉಳಿಸಿಕೊಂಡೇ ಪಕ್ಕದಲ್ಲಿ ಲಿನಕ್ಸನ್ನು ಸ್ಥಾಪಿಸುವುದಾದರೆ ಡಿಸ್ಕಿನಲ್ಲಿ ಜಾಗ ಬಿಡಿಸಬೇಕು. ಡಿಸ್ಕನ್ನು ಪಾರ್ಟಿಷನ್‌ಗಳಾಗಿ, ಎಂದರೆ ಬೇರೆ ಬೇರೆ ವಿಭಾಗಗಳಾಗಿ, ಹಂಚಿದ ವಿವರ ಒಂದು ಕೋಷ್ಟಕದಲ್ಲಿರುತ್ತದೆ. ಎಂಬಿಆರ್ ಎಂಬ ಹಳೆಯ ಪದ್ಧತಿಯಲ್ಲಿ ಈ ಕೋಷ್ಟಕಕ್ಕೆ ಮೊದಲ ಸೆಕ್ಟರಿನ 64 ಬೈಟುಗಳಷ್ಟೇ ಮೀಸಲಾಗಿದ್ದು, ನಾಲ್ಕು ಪ್ರಧಾನ ವಿಭಾಗಗಳಿಗಿಂತ ಹೆಚ್ಚು ಸಾಧ್ಯವಿಲ್ಲ. ಸೆಕ್ಟರಿನ ಸಂಖ್ಯೆಯನ್ನು 32 ಬಿಟ್‌ಗಳಲ್ಲಿ ಬರೆಯುವುದರಿಂದ ಸುಮಾರು 2 ಟಿಬಿಯ ಮಿತಿಯೂ ಉಂಟು. ಹೊಸ ಜಿಪಿಟಿ ಪದ್ಧತಿಯಲ್ಲಿ ಸಾಮಾನ್ಯವಾಗಿ 128 ವಿಭಾಗಗಳಿಗೆ ಅವಕಾಶವಿದೆ, ಕೋಷ್ಟಕದ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿಯೂ ಇರುತ್ತದೆ. ವಿಂಡೋಸಿನ ವಿಭಾಗವನ್ನು ಅದರದೇ ಡಿಸ್ಕ್ ಮ್ಯಾನೇಜ್‌ಮೆಂಟ್ ಸಾಧನದಿಂದ ಕುಗ್ಗಿಸುವುದು ಕ್ಷೇಮ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ವಿಂಡೋಸ್ 8ರಿಂದ ಬಂದಿರುವ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಚಾಲೂ ಇದ್ದರೆ, ಯಂತ್ರವನ್ನು ಶಟ್‌ಡೌನ್ ಮಾಡಿದಾಗಲೂ ವ್ಯವಸ್ಥೆಯ ತಿರುಳು ತನ್ನ ಸ್ಥಿತಿಯನ್ನು ಕಡತವೊಂದರಲ್ಲಿ ಬರೆದಿಟ್ಟು ಮಲಗಿರುತ್ತದೆ. ಆ ಹೊತ್ತಿನಲ್ಲಿ ಲಿನಕ್ಸ್ ಅದೇ ವಿಭಾಗದಲ್ಲಿ ಏನನ್ನಾದರೂ ಬರೆದರೆ, ಎಚ್ಚೆತ್ತ ವಿಂಡೋಸಿನ ಲೆಕ್ಕಕ್ಕೂ ಡಿಸ್ಕಿನ ನಿಜಸ್ಥಿತಿಗೂ ತಾಳೆಯಾಗದೆ ಕಡತಗಳು ಕೆಡುತ್ತವೆ. ಆದ್ದರಿಂದ ಅದನ್ನು ಮೊದಲೇ ನಿಲ್ಲಿಸಬೇಕು. ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಬಳಕೆಯಲ್ಲಿದ್ದರೆ, ಬೂಟ್ ವ್ಯವಸ್ಥೆಯಲ್ಲಾದ ಬದಲಾವಣೆಯನ್ನು ಕಂಡು ಅದು 48 ಅಂಕಿಗಳ ಕೀಲಿಯನ್ನು ಕೇಳಬಹುದು. ಆ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳದವರಿಗೆ ತಮ್ಮ ಡಿಸ್ಕೇ ಮುಚ್ಚಿದ ಬಾಗಿಲಾಗುತ್ತದೆ.

ಡೆಬಿಯನ್ನಿನ ಸ್ಥಾಪನಾ ತಂತ್ರಾಂಶವನ್ನು ಸ್ವಯಂಸೇವಕರು ಕನ್ನಡಕ್ಕೂ ತಂದಿದ್ದಾರೆಂಬುದು ಸಂತೋಷದ ಸಂಗತಿ. ಆದರೆ ಯಾವ ಭಾಷೆಯಲ್ಲಿ ಕೇಳಿದರೂ, ಇಡೀ ಡಿಸ್ಕನ್ನು ಬಳಸಲೇ ಎಂಬ ಪ್ರಶ್ನೆಗೆ ಹೌದೆಂದು ಉತ್ತರಿಸಿದರೆ ಅದರಲ್ಲಿದ್ದುದೆಲ್ಲ ಹೋಗುತ್ತದೆ. ಕೋಷ್ಟಕವಷ್ಟೇ ಅಳಿದಿದ್ದರೆ ತಜ್ಞರು ಕೆಲವೊಮ್ಮೆ ಮರಳಿ ಕಟ್ಟಬಲ್ಲರು. ಎಸ್‌ಎಸ್‌ಡಿಯಲ್ಲಾದರೋ ಫಾರ್ಮ್ಯಾಟ್ ಮಾಡುವಾಗ ಹೋಗುವ ಟ್ರಿಮ್ ಎಂಬ ಆದೇಶವು ಹಳೆಯ ದತ್ತಾಂಶವನ್ನು ನಿಜವಾಗಿಯೇ ತೆರವುಗೊಳಿಸಲು ಒಪ್ಪಿಗೆ ಕೊಟ್ಟುಬಿಡುವುದರಿಂದ ಆ ಆಸೆಯೂ ಬಹುಮಟ್ಟಿಗೆ ಇಲ್ಲ. ಆಪರೇಟಿಂಗ್ ಸಿಸ್ಟಮನ್ನು ಎಷ್ಟು ಸಲ ಬೇಕಾದರೂ ಹೊಸದಾಗಿ ಹಾಕಿಕೊಳ್ಳಬಹುದು, ಮನೆಯವರ ಛಾಯಾಚಿತ್ರಗಳನ್ನೂ ವರ್ಷಗಳ ಬರವಣಿಗೆಯನ್ನೂ ಹಾಗೆ ತರಲಾಗದು. ಆದಕಾರಣ ಅವುಗಳ ಪ್ರತಿಯನ್ನು ಹೊರಗಿನ ಡಿಸ್ಕೊಂದಕ್ಕೆ ಮಾಡಿಕೊಂಡು, ಆ ಡಿಸ್ಕನ್ನು ಯಂತ್ರದಿಂದ ಬೇರ್ಪಡಿಸಿ, ಬೇರೊಂದು ಕಂಪ್ಯೂಟರಿನಲ್ಲಿ ಕೆಲವು ಕಡತಗಳನ್ನಾದರೂ ತೆರೆದು ನೋಡಿದ ಮೇಲೆಯೇ ಡಿವಿಡಿಯನ್ನು ಡ್ರೈವಿಗೆ ಹಾಕಬೇಕು.