ವರ್ಚುವಲ್ ಯಂತ್ರಗಳ ಭದ್ರತಾ ಪ್ರತ್ಯೇಕತೆ ಮತ್ತು ವಿಶೇಷಾಧಿಕಾರರಹಿತ ಜಾಲ ಸಂಪರ್ಕ

ವರ್ಚುವಲ್ ಯಂತ್ರ ಎಂದರೆ ಒಂದು ನೈಜ ಗಣಕದೊಳಗೆ ತಂತ್ರಾಂಶದ ನೆರವಿನಿಂದ ರೂಪಿಸಲಾದ ಮತ್ತೊಂದು ಗಣಕ. ನೈಜ ಗಣಕವನ್ನು ಆತಿಥೇಯ ಎಂದೂ ಅದರೊಳಗೆ ನಡೆಯುವ ವರ್ಚುವಲ್ ಯಂತ್ರವನ್ನು ಅತಿಥಿ ಎಂದೂ ಕರೆಯಲಾಗುತ್ತದೆ. ಅತಿಥಿಯು ತನ್ನ ಎಲ್ಲೆಯನ್ನು ಮೀರಿ ಆತಿಥೇಯವನ್ನಾಗಲಿ ನೆರೆಯ ಅತಿಥಿಗಳನ್ನಾಗಲಿ ಮುಟ್ಟದಂತೆ ತಡೆಯುವ ಏರ್ಪಾಡಿಗೆ ಭದ್ರತಾ ಪ್ರತ್ಯೇಕತೆ ಎಂದು ಹೆಸರು. ಆತಿಥೇಯದ ಆಡಳಿತಾಧಿಕಾರವನ್ನು, ಅಂದರೆ ರೂಟ್ ಹಕ್ಕನ್ನು, ಬಳಸದೆ ಸಾಮಾನ್ಯ ಬಳಕೆದಾರನಿಗಿರುವ ಹಕ್ಕುಗಳಿಂದಲೇ ಅತಿಥಿಗೆ ಜಾಲವನ್ನು ಒದಗಿಸುವ ವಿಧಾನವೇ ವಿಶೇಷಾಧಿಕಾರರಹಿತ ಜಾಲ ಸಂಪರ್ಕ. ಪ್ರತ್ಯೇಕತೆಯ ಗೋಡೆ ಎಷ್ಟೇ ಗಟ್ಟಿಯಾಗಿದ್ದರೂ ಒಂದಲ್ಲ ಒಂದು ದಿನ ಬಿರುಕು ಬಿಡಬಹುದು. ಆ ಬಿರುಕಿನಿಂದ ಹೊರಬಂದ ಆಕ್ರಮಣಕಾರನ ಕೈಗೆ ಸಿಗುವ ಅಧಿಕಾರ ಎಷ್ಟು ಕಡಿಮೆಯೋ ಹಾನಿಯೂ ಅಷ್ಟೇ ಕಡಿಮೆ ಎಂಬುದು ಈ ಎರಡು ವಿಷಯಗಳನ್ನು ಬೆಸೆಯುವ ತತ್ತ್ವ. ಈ ಲೇಖನವು ಮುಖ್ಯವಾಗಿ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿನ ಕೆವಿಎಂ ಮತ್ತು ಕ್ಯೂಇಎಂಯು ತಂತ್ರಾಂಶಗಳನ್ನು ಆಧರಿಸಿದೆ.

ಇತಿಹಾಸ

ಒಂದೇ ಗಣಕವನ್ನು ಹಲವು ಗಣಕಗಳಂತೆ ತೋರಿಸುವ ಪ್ರಯತ್ನ 1960ರ ದಶಕದಲ್ಲಿ ಐಬಿಎಂ ಸಂಸ್ಥೆಯಲ್ಲಿ ಆರಂಭವಾಯಿತು. 1972ರಲ್ಲಿ ಆ ಸಂಸ್ಥೆಯು ವಿಎಂ/370 ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. 1974ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಅವರು ವರ್ಚುವಲ್ ಯಂತ್ರಗಳನ್ನು ನಿಯಂತ್ರಿಸುವ ತಂತ್ರಾಂಶಕ್ಕೆ ಇರಬೇಕಾದ ಲಕ್ಷಣಗಳನ್ನು ನಿರೂಪಿಸಿದರು. ಯಂತ್ರದ ಸಂಪನ್ಮೂಲಗಳ ಮೇಲಿನ ಪೂರ್ಣ ಹಿಡಿತ ಅತಿಥಿಯ ಬಳಿ ಇರದೆ ನಿಯಂತ್ರಕ ತಂತ್ರಾಂಶದ ಬಳಿಯೇ ಇರಬೇಕು ಎಂಬುದು ಅವುಗಳಲ್ಲಿ ಒಂದು. ಮರುವರ್ಷ, 1975ರಲ್ಲಿ, ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಕನಿಷ್ಠ ಅಧಿಕಾರದ ತತ್ತ್ವವನ್ನು ವಿವರಿಸಿದರು. ಪ್ರತಿಯೊಂದು ಕ್ರಮವಿಧಿಗೂ ಅದರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಬೇಕು, ಅದಕ್ಕಿಂತ ಹೆಚ್ಚು ಇರಬಾರದು ಎಂಬುದು ಅದರ ಸಾರ.

ಮುಂದೆ ಫ್ಯಾಬ್ರಿಸ್ ಬೆಲ್ಲಾರ್ಡ್ ಅವರು 2003ರಲ್ಲಿ ಕ್ಯೂಇಎಂಯು ತಂತ್ರಾಂಶವನ್ನು ಹೊರತಂದರು. 2005–06ರ ಹೊತ್ತಿಗೆ ಇಂಟೆಲ್ ಮತ್ತು ಎಎಂಡಿ ಸಂಸ್ಥೆಗಳು ತಮ್ಮ ಸಂಸ್ಕಾರಕಗಳಲ್ಲೇ ವರ್ಚುವಲ್ ಯಂತ್ರಗಳಿಗೆ ಬೆಂಬಲ ನೀಡತೊಡಗಿದವು. ಆ ಬೆಂಬಲವನ್ನು ಬಳಸಿಕೊಳ್ಳುವ ಕೆವಿಎಂ 2007ರಲ್ಲಿ ಲಿನಕ್ಸ್ ಕರ್ನಲ್‌ನ 2.6.20 ಆವೃತ್ತಿಯನ್ನು ಸೇರಿತು.

ಪ್ರತ್ಯೇಕತೆಯ ಪದರಗಳು

ಅತಿಥಿಯ ಪ್ರತ್ಯೇಕತೆ ಒಂದೇ ಗೋಡೆಯನ್ನು ನೆಚ್ಚಿಕೊಂಡಿಲ್ಲ. ಅದು ಒಂದರ ಹಿಂದೆ ಒಂದಾಗಿ ನಿಂತ ಪದರಗಳ ಸಮೂಹ.

ಮೊದಲನೆಯದು ಯಂತ್ರಾಂಶದ ಪದರ. ಅತಿಥಿಯ ಆಜ್ಞೆಗಳು ಸಂಸ್ಕಾರಕದ ವಿಶೇಷ ಸ್ಥಿತಿಯೊಂದರಲ್ಲಿ ನಡೆಯುತ್ತವೆ. ಅತಿಥಿಗೆ ನೀಡಿದ ಮೆಮೊರಿಯ ಹೊರಗಿನ ವಿಳಾಸಗಳು ಅದಕ್ಕೆ ಕಾಣಿಸುವುದೇ ಇಲ್ಲ.

ಎರಡನೆಯದು ಅನುಕರಣೆಯ ಪದರ. ಅತಿಥಿಗೆ ಬೇಕಾದ ಡಿಸ್ಕ್, ಪರದೆ, ಜಾಲ ಕಾರ್ಡ್ ಮುಂತಾದ ಸಾಧನಗಳನ್ನು ಕ್ಯೂಇಎಂಯು ತಂತ್ರಾಂಶದಲ್ಲೇ ಅನುಕರಿಸಿ ತೋರಿಸುತ್ತದೆ. ಅತಿಥಿಯು ಕಳುಹಿಸಿದ ದತ್ತಾಂಶವನ್ನು ಆತಿಥೇಯದಲ್ಲಿ ಓದಿ ಅರ್ಥೈಸುವ ತಾಣ ಇದೇ ಆದ್ದರಿಂದ ಹೆಚ್ಚಿನ ದೋಷಗಳು ಕಂಡುಬರುವುದೂ ಇಲ್ಲಿಯೇ.

ಮೂರನೆಯದು ಆತಿಥೇಯದ ಕಾರ್ಯಾಚರಣ ವ್ಯವಸ್ಥೆಯು ಕ್ಯೂಇಎಂಯು ಮೇಲೆ ಹಾಕುವ ಕಟ್ಟುಪಾಡು. ಲಿನಕ್ಸ್‌ನ ದೃಷ್ಟಿಯಲ್ಲಿ ಒಂದು ವರ್ಚುವಲ್ ಯಂತ್ರವೆಂದರೆ ಒಬ್ಬ ಬಳಕೆದಾರನ ಹೆಸರಿನಲ್ಲಿ ನಡೆಯುತ್ತಿರುವ ಒಂದು ಪ್ರೊಸೆಸ್ ಅಷ್ಟೆ. ಸೆಕಾಂಪ್ ಎಂಬ ಸೌಲಭ್ಯದಿಂದ ಆ ಪ್ರೊಸೆಸ್ ಕರ್ನಲ್ ಬಳಿ ಯಾವ ಯಾವ ಸೇವೆಗಳನ್ನು ಕೇಳಬಹುದೆಂದು ಮಿತಿಗೊಳಿಸಬಹುದು. 2009ರಲ್ಲಿ ಫೆಡೋರಾ 11ರೊಂದಿಗೆ ಬಂದ ಎಸ್‌ವರ್ಟ್ ಸೌಲಭ್ಯವು ಪ್ರತಿ ಅತಿಥಿಗೂ ಅದರ ಡಿಸ್ಕ್ ಕಡತಕ್ಕೂ ಬೇರೆಯದೇ ಆದ ಗುರುತುಪಟ್ಟಿಯನ್ನು ಅಂಟಿಸುತ್ತದೆ. ಗುರುತು ಹೊಂದದ ಕಡತವನ್ನು ತೆರೆಯಲು ಕರ್ನಲ್ ಬಿಡುವುದಿಲ್ಲ.

ಗೋಡೆ ಬಿರುಕು ಬಿಟ್ಟ ಪ್ರಸಂಗಗಳು

2015ರ ಮೇ ತಿಂಗಳಲ್ಲಿ ವೆನಮ್ ಎಂಬ ಹೆಸರಿನ ದೋಷ (ಸಿವಿಇ-2015-3456) ಬಹಿರಂಗವಾಯಿತು. ಕ್ಯೂಇಎಂಯು ತಂತ್ರಾಂಶದಲ್ಲಿ ಫ್ಲಾಪಿ ಡಿಸ್ಕ್ ನಿಯಂತ್ರಕವನ್ನು ಅನುಕರಿಸುವ ಭಾಗಕ್ಕೆ ಅತಿಥಿಯು ನಿಗದಿತ ಮಿತಿಗಿಂತ ಹೆಚ್ಚು ದತ್ತಾಂಶವನ್ನು ತುಂಬಿ, ಆತಿಥೇಯದ ಮೆಮೊರಿಯನ್ನು ಕೆಡಿಸಬಹುದಾಗಿತ್ತು. ಫ್ಲಾಪಿಗಳ ಬಳಕೆ ಬಹುಮಟ್ಟಿಗೆ ನಿಂತುಹೋದ ಕಾಲದಲ್ಲಿಯೂ ಆ ಸಾಧನದ ಸಂಕೇತ 2004ರಿಂದ ತಂತ್ರಾಂಶದಲ್ಲಿ ಹಾಗೆಯೇ ಉಳಿದಿತ್ತು. ಕ್ಸೆನ್, ಕೆವಿಎಂ ಮೊದಲಾದ ವ್ಯವಸ್ಥೆಗಳು ಇದೇ ಸಂಕೇತವನ್ನು ಬಳಸುತ್ತಿದ್ದುದರಿಂದ ಅವೂ ಅಪಾಯಕ್ಕೆ ಸಿಲುಕಿದವು.

2019ರಲ್ಲಿ ಬೆಳಕಿಗೆ ಬಂದ ಇನ್ನೊಂದು ದೋಷ (ಸಿವಿಇ-2019-14378) ಜಾಲ ಸಂಪರ್ಕಕ್ಕೇ ಸಂಬಂಧಿಸಿದ್ದು. ತುಂಡಾಗಿ ಬಂದ ಪ್ಯಾಕೆಟ್‌ಗಳನ್ನು ಮತ್ತೆ ಜೋಡಿಸುವ ಸ್ಲರ್ಪ್ ಎಂಬ ಭಾಗದಲ್ಲಿ ಅದು ಅಡಗಿತ್ತು.

ಇಂತಹ ದೋಷದಿಂದ ಆಗುವ ಹಾನಿಯನ್ನು ನಿರ್ಧರಿಸುವುದು ದೋಷವೊಂದೇ ಅಲ್ಲ. ಕ್ಯೂಇಎಂಯು ಯಾರ ಅಧಿಕಾರದಲ್ಲಿ ನಡೆಯುತ್ತಿತ್ತು ಎಂಬುದೂ ಮುಖ್ಯ. ಅದು ರೂಟ್ ಆಗಿ ನಡೆಯುತ್ತಿದ್ದರೆ ಇಡೀ ಗಣಕವೂ ಅದರಲ್ಲಿರುವ ಇತರರ ವರ್ಚುವಲ್ ಯಂತ್ರಗಳೂ ಆಕ್ರಮಣಕಾರನ ವಶವಾಗುತ್ತವೆ. ಸಾಮಾನ್ಯ ಬಳಕೆದಾರನ ಹೆಸರಿನಲ್ಲಿದ್ದರೆ ಆ ಬಳಕೆದಾರನ ಕಡತಗಳು ಅಪಾಯಕ್ಕೊಳಗಾಗುತ್ತವೆ. ಎಸ್‌ವರ್ಟ್‌ನಂತಹ ಕಟ್ಟುಪಾಡು ಸೇರಿದ್ದರೆ ಆ ಅತಿಥಿಯದೇ ಡಿಸ್ಕ್‌ನ ಆಚೆಗೆ ಕೈ ಚಾಚುವುದು ಕಷ್ಟವಾಗುತ್ತದೆ.

ಜಾಲ ಸಂಪರ್ಕಕ್ಕೆ ವಿಶೇಷಾಧಿಕಾರ ಏಕೆ ಬೇಕಾಗುತ್ತದೆ

ವರ್ಚುವಲ್ ಯಂತ್ರವನ್ನು ನಡೆಸಲು ಸಾಮಾನ್ಯ ಬಳಕೆದಾರನಿಗೆ ಕೆವಿಎಂ ಸಾಧನ ಕಡತವನ್ನು ತೆರೆಯುವ ಅನುಮತಿಯಿದ್ದರೆ ಸಾಕು. ಜಾಲದ ಮಾತು ಹಾಗಲ್ಲ. ಪ್ರಚಲಿತ ವಿಧಾನದಲ್ಲಿ ಆತಿಥೇಯದ ಮೇಲೆ ಟ್ಯಾಪ್ ಎಂಬ ಕಾಲ್ಪನಿಕ ಜಾಲ ಸಾಧನವನ್ನು ನಿರ್ಮಿಸಿ, ಅದನ್ನು ಬ್ರಿಡ್ಜ್ ಮೂಲಕ ನೈಜ ಜಾಲ ಕಾರ್ಡಿಗೆ ಜೋಡಿಸಲಾಗುತ್ತದೆ. ಇದರಿಂದ ಗಣಕದ ವಿಳಾಸಗಳು, ಮಾರ್ಗಗಳು ಮತ್ತು ಇತರರ ಸಂಚಾರದ ಮೇಲೆ ಪರಿಣಾಮವಾಗಬಹುದು. ಆದಕಾರಣ ಲಿನಕ್ಸ್ ಈ ಕೆಲಸಕ್ಕೆ ಜಾಲ ಆಡಳಿತದ ವಿಶೇಷಾಧಿಕಾರವನ್ನು ಕಡ್ಡಾಯಗೊಳಿಸಿದೆ. ಸುರಕ್ಷತೆಗಾಗಿ ಇಟ್ಟ ಈ ನಿಯಮದ ಫಲವಾಗಿ ಜಾಲವೊಂದಕ್ಕಾಗಿಯೇ ಹೆಚ್ಚಿನ ಅಧಿಕಾರ ನೀಡಬೇಕಾದ ವಿಪರ್ಯಾಸ ಉಂಟಾಯಿತು.

ಸ್ಲರ್ಪ್

ಈ ತೊಡಕಿಗೆ ಮೊದಲ ಪರಿಹಾರ ಬೇರೊಂದು ಉದ್ದೇಶಕ್ಕೆ ಹುಟ್ಟಿದ ತಂತ್ರಾಂಶದಿಂದ ಬಂದಿತು. 1990ರ ದಶಕದಲ್ಲಿ ದೂರವಾಣಿ ಮೂಲಕ ಸಂಪರ್ಕಿಸುವ ಅನೇಕ ಬಳಕೆದಾರರಿಗೆ ದೂರದ ಯುನಿಕ್ಸ್ ಗಣಕದಲ್ಲಿ ಅಕ್ಷರಗಳಷ್ಟೇ ಕಾಣುವ ಶೆಲ್ ಖಾತೆ ದೊರೆಯುತ್ತಿತ್ತು. ಪೂರ್ಣ ಅಂತರಜಾಲ ಸಂಪರ್ಕ ಇರುತ್ತಿರಲಿಲ್ಲ. ಡ್ಯಾನಿ ಗ್ಯಾಸ್ಪರೋವ್ಸ್ಕಿ ರಚಿಸಿದ ಸ್ಲರ್ಪ್, ಆ ಖಾತೆಯೊಳಗೇ ಸಾಮಾನ್ಯ ಕ್ರಮವಿಧಿಯಾಗಿ ನಡೆದು ಮನೆಯ ಗಣಕಕ್ಕೆ ಅಂತರಜಾಲವನ್ನು ತಲುಪಿಸುತ್ತಿತ್ತು.

ಕ್ಯೂಇಎಂಯು ಈ ಸಂಕೇತವನ್ನು ತನ್ನೊಳಗೆ ಸೇರಿಸಿಕೊಂಡಿತು. ಅತಿಥಿ ಕಳುಹಿಸಿದ ಪ್ಯಾಕೆಟ್‌ಗಳನ್ನು ಸ್ಲರ್ಪ್ ಬಿಡಿಸಿ ಓದಿ, ಯಾವುದೇ ಬ್ರೌಸರ್ ಮಾಡುವಂತೆ ಆತಿಥೇಯದಲ್ಲಿ ಒಂದು ಸಾಧಾರಣ ಸಾಕೆಟ್ ತೆರೆದು ಅವುಗಳ ಒಳವಸ್ತುವನ್ನು ಮುಂದೆ ಸಾಗಿಸುತ್ತದೆ. ಹೊರಜಗತ್ತಿಗೆ ಆ ಸಂಪರ್ಕ ಆತಿಥೇಯದ್ದೇ ಎಂದು ಕಾಣುತ್ತದೆ. ಪೂರ್ವನಿಯೋಜಿತವಾಗಿ ಅತಿಥಿಗೆ 10.0.2.15 ಎಂಬ ವಿಳಾಸವೂ ಅದರ ಹೆಬ್ಬಾಗಿಲಿಗೆ 10.0.2.2 ಎಂಬ ವಿಳಾಸವೂ ದೊರೆಯುತ್ತವೆ. ಕೆಲಸ ಸರಳವಾದರೂ ವೇಗ ಕಡಿಮೆ. ಅಲ್ಲದೆ ಸ್ಲರ್ಪ್ ಕ್ಯೂಇಎಂಯು ಪ್ರೊಸೆಸ್‌ನ ಒಳಗೇ ನಡೆಯುವುದರಿಂದ ಒಂದರ ದೋಷ ಇನ್ನೊಂದರದ್ದೂ ಆಗುತ್ತದೆ. 2019ರಲ್ಲಿ ಇದನ್ನು ಲಿಬ್‌ಸ್ಲರ್ಪ್ ಎಂಬ ಪ್ರತ್ಯೇಕ ಯೋಜನೆಯಾಗಿ ಬೇರ್ಪಡಿಸಲಾಯಿತು.

ಪಾಸ್ಟ್ ಮತ್ತು ಪಾಸ್ಟಾ

ಸ್ಟೆಫಾನೊ ಬ್ರಿವಿಯೊ ಆರಂಭಿಸಿದ ಪಾಸ್ಟ್ ಯೋಜನೆ ಇದೇ ಉದ್ದೇಶವನ್ನು ಹೊಸ ರೀತಿಯಲ್ಲಿ ಸಾಧಿಸುತ್ತದೆ. ಇದು ಕ್ಯೂಇಎಂಯುವಿನಿಂದ ಬೇರೆಯಾದ ಪ್ರೊಸೆಸ್ ಆಗಿದ್ದು, ಯುನಿಕ್ಸ್ ಸಾಕೆಟ್ ಮೂಲಕ ಅದರೊಡನೆ ವ್ಯವಹರಿಸುತ್ತದೆ. ಸಾಧ್ಯವಾದೆಡೆ ಕರ್ನಲ್‌ನ ಸಾಕೆಟ್‌ಗಳನ್ನೇ ಅವಲಂಬಿಸುವುದರಿಂದ ಸಂಪೂರ್ಣ ಟಿಸಿಪಿ ವ್ಯವಸ್ಥೆಯನ್ನು ಮರುರಚಿಸುವ ಅಗತ್ಯ ಇದಕ್ಕಿಲ್ಲ. ಪೂರ್ವನಿಯೋಜಿತವಾಗಿ ಅತಿಥಿಗೆ ಆತಿಥೇಯದ ವಿಳಾಸವನ್ನೇ ನೀಡುತ್ತದೆ.

ಭದ್ರತೆಯ ವಿಷಯದಲ್ಲಿ ಇದರ ಶಿಸ್ತು ಗಮನಾರ್ಹ. ಪಾಸ್ಟ್ ಮೆಮೊರಿಯನ್ನು ಚಾಲನೆಯ ನಡುವೆ ಬೇಡಿಕೆಗೆ ತಕ್ಕಂತೆ ಪಡೆಯುವುದಿಲ್ಲ; ಹೀಗಾಗಿ ಆ ಬಗೆಯ ಮೆಮೊರಿಗೆ ಸಂಬಂಧಿಸಿದ ದೋಷಗಳಿಗೆ ಅವಕಾಶ ಇರುವುದಿಲ್ಲ. ರೂಟ್ ಬಳಕೆದಾರನೇ ಆರಂಭಿಸಿದರೂ ಅದು ಅಧಿಕಾರವನ್ನು ಬಿಟ್ಟುಕೊಟ್ಟು ಸಾಮಾನ್ಯ ಬಳಕೆದಾರನಾಗಿ ಬದಲಾಗುತ್ತದೆ. ನೇಮ್‌ಸ್ಪೇಸ್‌ಗಳ ಮೂಲಕ ಆತಿಥೇಯದ ಕಡತಗಳಿಂದ ದೂರ ಸರಿಯುತ್ತದೆ ಮತ್ತು ಸೆಕಾಂಪ್ ಮೂಲಕ ತನಗೆ ಬೇಡದ ಕರ್ನಲ್ ಸೇವೆಗಳನ್ನು ತಾನೇ ನಿಷೇಧಿಸಿಕೊಳ್ಳುತ್ತದೆ.

2023ರ ಜನವರಿಯಲ್ಲಿ ಬಿಡುಗಡೆಯಾದ ಲಿಬ್‌ವರ್ಟ್ 9.0.0 ಆವೃತ್ತಿಯಿಂದ ಪಾಸ್ಟ್‌ಗೆ ಬೆಂಬಲವಿದೆ. ಕಂಟೇನರ್‌ಗಳಿಗೆ ಇದೇ ಸೇವೆ ನೀಡುವ ರೂಪಕ್ಕೆ ಪಾಸ್ಟಾ ಎಂದು ಹೆಸರು. 2024ರ ಮಾರ್ಚ್‌ನಲ್ಲಿ ಬಂದ ಪಾಡ್‌ಮ್ಯಾನ್ 5.0, ರೂಟ್ ಹಕ್ಕಿಲ್ಲದ ಕಂಟೇನರ್‌ಗಳಿಗೆ ಇದನ್ನೇ ಪೂರ್ವನಿಯೋಜಿತ ಆಯ್ಕೆಯಾಗಿಸಿತು.

ಮಿತಿಗಳು

ವಿಶೇಷಾಧಿಕಾರ ಇಲ್ಲದಿರುವುದೇ ಸಂಪೂರ್ಣ ಪ್ರತ್ಯೇಕತೆಯಲ್ಲ. ಅತಿಥಿಯ ಸಂಪರ್ಕಗಳು ಆತಿಥೇಯದ ಹೆಸರಿನಲ್ಲಿ ಹೊರಡುವುದರಿಂದ ಆತಿಥೇಯಕ್ಕೆ ತೆರೆದಿರುವ ಕಚೇರಿಯ ಒಳಜಾಲ, ಮುದ್ರಣ ಯಂತ್ರ ಮುಂತಾದವು ಅತಿಥಿಗೂ ತೆರೆದಿರುತ್ತವೆ. ಸ್ಲರ್ಪ್ ಬಳಸುವಾಗ 10.0.2.2 ವಿಳಾಸಕ್ಕೆ ಕಳುಹಿಸಿದ ಕೋರಿಕೆ, ಆತಿಥೇಯವು ತನ್ನೊಳಗೆ ಮಾತ್ರ ಬಳಸುವ 127.0.0.1 ವಿಳಾಸದ ಸೇವೆಗಳನ್ನೂ ತಲುಪುತ್ತದೆ. ನಂಬಿಕೆಗೆ ಅರ್ಹವಲ್ಲದ ತಂತ್ರಾಂಶವನ್ನು ಪರೀಕ್ಷಿಸುವವರು ಈ ಅಂಶವನ್ನು ಗಮನದಲ್ಲಿಡಬೇಕು. ಅತಿಥಿಯು ಆತಿಥೇಯವನ್ನೂ ಹೊರಜಾಲವನ್ನೂ ತಲುಪದಂತೆ ನಿರ್ಬಂಧಿಸುವ ಆಯ್ಕೆಯನ್ನು ಕ್ಯೂಇಎಂಯು ಒದಗಿಸಿದೆ.

ಸಾಮಾನ್ಯ ಬಳಕೆದಾರನು ಲಿನಕ್ಸ್‌ನಲ್ಲಿ ಪೂರ್ವನಿಯೋಜಿತವಾಗಿ 1024ಕ್ಕಿಂತ ಕೆಳಗಿನ ಪೋರ್ಟ್‌ಗಳಲ್ಲಿ ಸೇವೆ ನೀಡಲಾರ. ಪಿಂಗ್ ಸಂದೇಶಗಳಿಗೂ ಆತಿಥೇಯದ ಅನುಮತಿ ಬೇಕಾಗುತ್ತದೆ. ನೇಮ್‌ಸ್ಪೇಸ್‌ಗಳ ಬಳಕೆಗೂ ಒಂದು ಬೆಲೆಯಿದೆ. ಸಾಮಾನ್ಯ ಬಳಕೆದಾರನಿಗೂ ಅವು ಕರ್ನಲ್‌ನ ಹೆಚ್ಚಿನ ಭಾಗಗಳನ್ನು ತೆರೆದುಕೊಡುವುದರಿಂದ ಉಬುಂಟು 24.04 ಅವುಗಳ ಮೇಲೆ ಪೂರ್ವನಿಯೋಜಿತ ನಿರ್ಬಂಧ ವಿಧಿಸಿದೆ. ಇನ್ನು 2018ರ ಜನವರಿಯಲ್ಲಿ ಪ್ರಕಟವಾದ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್‌ನಂತಹ ಸಂಸ್ಕಾರಕ ದೋಷಗಳು ಯಂತ್ರಾಂಶದ ಪದರದಲ್ಲೇ ಇರುವುದರಿಂದ, ಜಾಲ ಸಂಪರ್ಕದ ಅಧಿಕಾರವನ್ನು ತಗ್ಗಿಸುವುದು ಅವುಗಳಿಗೆ ಪರಿಹಾರವಾಗದು. ಈ ಕಾರಣದಿಂದ ವಿಶೇಷಾಧಿಕಾರರಹಿತ ಜಾಲ ಸಂಪರ್ಕವನ್ನು ಇತರ ಪದರಗಳಿಗೆ ಬದಲಿಯಾಗಿ ಅಲ್ಲ, ಅವುಗಳ ಜೊತೆಗೆ ಬಳಸಲಾಗುತ್ತದೆ.