ಫೋಟೋದ ಕೆಂಪು ನಂಬಬಹುದೆ?

ಸೊಲ್ಲಾಪುರದ ಚಾದರ ಇರಲಿ, ಬ್ಯಾಡಗಿ ಮೆಣಸಿನಕಾಯಿ ಇರಲಿ, ಗಿರಾಕಿ ಮೊದಲು ನೋಡುವುದು ಬಣ್ಣ. ಈಗಂತೂ ಮಾಲಿಗಿಂತ ಮುಂಚೆ ಅದರ ಫೋಟೋ ಹೋಗುತ್ತದೆ. ದೊಡ್ಡ ಸೆನ್ಸರಿನ ಕ್ಯಾಮೆರಾ ತಂದರೆ ಬಣ್ಣ ಸರಿ ಬರುತ್ತದಲ್ಲ ಅಂತೀರಾ? ಹಾಗೇನಿಲ್ರಿ.

ಜಪಾನಿನ ಸಿಗ್ಮಾ ಕಂಪನಿ 2008ರಲ್ಲಿ ಡಿಪಿ1 ಎಂಬ ಪುಟ್ಟ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಿತು. ಬೆಳಕು ಹಿಡಿಯುವ ಅದರ ಸೆನ್ಸರ್ 20.7 ಮಿ.ಮೀ. ಅಗಲ, 13.8 ಮಿ.ಮೀ. ಎತ್ತರ. ಆ ಕಾಲದ ಸಾಮಾನ್ಯ ಜೇಬಿನ ಕ್ಯಾಮೆರಾಗಳ ಸೆನ್ಸರಿಗಿಂತ ಸುಮಾರು ಹತ್ತು ಪಟ್ಟು ದೊಡ್ಡದು. ಬಿಸಿಲಲ್ಲಿ ತೆಗೆದ ಚಿತ್ರ ಬಲು ಸ್ಪಷ್ಟ. ಮಂದ ಬೆಳಕಿನಲ್ಲಿ ಮಾತ್ರ ಹಸಿರು, ನೇರಳೆಗೆಂಪು ಕಲೆಗಳು ಏಳುತ್ತಿದ್ದವು.

ಕಾರಣ ಅದರ ಫೋವಿಯಾನ್ ಸೆನ್ಸರಿನಲ್ಲೇ ಇತ್ತು. ಬಹುತೇಕ ಕ್ಯಾಮೆರಾಗಳಲ್ಲಿ ಪ್ರತಿ ಚುಕ್ಕೆಯ ಮೇಲೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದರ ಫಿಲ್ಟರ್ ಇರುತ್ತದೆ. ಇದರಲ್ಲಿ ಅದಿಲ್ಲ. ಹೊಲದಲ್ಲಿ ನೀರು ಇಂಗಿದಂತೆ ನೀಲಿ ಬೆಳಕು ಸಿಲಿಕಾನಿನ ಮೇಲ್ಪದರದಲ್ಲಿ, ಹಸಿರು ನಡುವೆ, ಕೆಂಪು ಆಳದಲ್ಲಿ ಇಂಗುತ್ತದೆ. ಆದರೆ ಪದರಗಳ ನಡುವೆ ಬದು ಇಲ್ಲ, ಬಣ್ಣಗಳು ಬೆರೆಯುತ್ತವೆ. ಅವನ್ನು ಲೆಕ್ಕ ಹಾಕಿಯೇ ಬೇರ್ಪಡಿಸಬೇಕು. ಬೆಳಕು ಕಡಿಮೆಯಾದಾಗ ಲೆಕ್ಕದ ಸಣ್ಣ ತಪ್ಪೂ ದೊಡ್ಡದಾಗಿ, ಚಿತ್ರದಲ್ಲಿ ಕಲೆಯಾಗುತ್ತದೆ.

ಅಂದರೆ, ಸೆನ್ಸರ್ ದೊಡ್ಡದಿದ್ದ ಮಾತ್ರಕ್ಕೆ ಸರಿಬಣ್ಣಕ್ಕೆ ಗ್ಯಾರಂಟಿ ಇಲ್ಲ. ಯಾವ ಕ್ಯಾಮೆರಾ ಆದರೂ ಸರಿ, ಮಾಲನ್ನು ಹಗಲಿನ ನೆರಳಲ್ಲಿಟ್ಟು, ಪಕ್ಕದಲ್ಲೊಂದು ಬಿಳಿ ಕಾಗದ ಇಟ್ಟು ತೆಗೆಯಿರಿ. ಫೋಟೋದಲ್ಲಿ ಕಾಗದ ಹಳದಿಯಾಗಿ ಕಂಡರೆ ಮೆಣಸಿನಕಾಯಿಯ ಕೆಂಪೂ ಸುಳ್ಳೇ. ವೈಟ್ ಬ್ಯಾಲೆನ್ಸ್ ಸರಿಪಡಿಸಿ ಮತ್ತೆ ತೆಗೆಯಿರಿ. ಇಲ್ಲದಿದ್ದರೆ ಮಾಲು ತಲುಪಿದ ಮೇಲೆ ತಕರಾರು ತಪ್ಪದು.