‘ಕಬ್ ಪೀಸಾ?’ ಎಂದವರೇ ಜಾಹೀರಾತು ಬರೆದುಕೊಟ್ಟರು

ಮುಲುಂಡ್ ಪಶ್ಚಿಮದ ನಮ್ಮ ಬಿಲ್ಡಿಂಗ್‌ನಲ್ಲಿ ಕುಂದಾಪುರದ ಕಡೆಯ ಅಕ್ಕ ಒಬ್ಬರಿದ್ದಾರೆ. ಇಡ್ಲಿ-ದೋಸೆ ಹಿಟ್ಟು ರುಬ್ಬಿ ಮಾರುತ್ತಾರೆ. ಗಂಡನ ಕೆಲಸ ಹೋದ ಮೇಲೆ ಸಾಲ ಮಾಡಿ ದೊಡ್ಡ ಗ್ರೈಂಡರ್ ತಂದಿದ್ದರು. ಮೂರು ತಿಂಗಳಾದರೂ ವ್ಯಾಪಾರ ದಿನಕ್ಕೆ ಎಂಟು-ಹತ್ತು ಪ್ಯಾಕೆಟ್ ದಾಟಲಿಲ್ಲ.

“ನೀನು ಕಂಪ್ಯೂಟರ್‌ನವ, ಒಂದು ಜಾಹೀರಾತು ಮಾಡಿಕೊಡು ಮಾರಾಯ. ಇಲ್ಲದಿದ್ದರೆ ಗ್ರೈಂಡರ್ ಮಾರುವುದೇ ಸೈ” ಎಂದರು.

ನಾನು ಒಂದು ಭಾನುವಾರವಿಡೀ ಕೂತು ಬಣ್ಣದ ಪೋಸ್ಟರ್ ಮಾಡಿದೆ. ‘ಅಪ್ಪಟ ಉಡುಪಿ ರುಚಿ, ಉತ್ತಮ ಗುಣಮಟ್ಟ, ಮಿತವಾದ ಬೆಲೆ’ ಎಂದು ಮರಾಠಿ, ಗುಜರಾತಿ, ಇಂಗ್ಲಿಷ್ ಮೂರರಲ್ಲೂ ಬರೆಸಿದೆ. ಸುತ್ತಲಿನ ಸೊಸೈಟಿಗಳ ವಾಟ್ಸಾಪ್ ಗ್ರೂಪ್‌ಗಳಿಗೆ ಹಾಕಿದೆವು. ಹೆಬ್ಬೆರಳ ಚಿತ್ರಗಳು ಬೇಕಾದಷ್ಟು ಬಂದವು. ಆರ್ಡರ್ ಮಾತ್ರ ಬರಲಿಲ್ಲ.

ಆಗ ನೆನಪಾದದ್ದು ನ್ಯಾಚುರಲ್ಸ್ ಐಸ್‌ಕ್ರೀಮ್‌ನ ರಘುನಂದನ ಕಾಮತ್. ಮುಲ್ಕಿ ಕಡೆಯ ಹಣ್ಣಿನ ವ್ಯಾಪಾರಿಯ ಮಗ. 1984ರಲ್ಲಿ ಜುಹುವಿನಲ್ಲಿ ಅಂಗಡಿ ತೆರೆದಾಗ, ಬರೀ ಐಸ್‌ಕ್ರೀಮ್‌ಗಾಗಿ ಜನ ಬರುತ್ತಾರೆಂಬ ಧೈರ್ಯ ಅವರಿಗೂ ಇರಲಿಲ್ಲ. ಹಾಗಾಗಿ ಪಾವ್‌ಭಾಜಿಯನ್ನೂ ಇಟ್ಟರು. ಖಾರ ತಿಂದವರು ತಂಪಿಗೆಂದು ಐಸ್‌ಕ್ರೀಮ್ ಕೇಳಿದರು. ಐಸ್‌ಕ್ರೀಮ್‌ಗೇ ಗಿರಾಕಿಗಳಾದ ಮೇಲೆ ಪಾವ್‌ಭಾಜಿ ನಿಂತಿತು. ಹಣ್ಣು, ಹಾಲು, ಸಕ್ಕರೆ. ಅವರು ಹೇಳಿದ್ದು ಇಷ್ಟೇ. ಸೀತಾಫಲ, ಎಳನೀರು, ಹಲಸು ಎಂಬ ಹೆಸರುಗಳೇ ಉಳಿದದ್ದನ್ನು ಹೇಳಿದವು. ಕಾಮತರು 2024ರಲ್ಲಿ ತೀರಿಕೊಂಡರು. ಅವರ ಅಂಗಡಿಯ ಮುಂದೆ ನಿಂತು ತಿಂದವರಿಗೆಲ್ಲ ಆ ಮೂರು ಮಾತು ಈಗಲೂ ನಾಲಗೆ ಮೇಲಿದೆ.

ನನ್ನ ಪೋಸ್ಟರ್‌ನ ತಪ್ಪು ಅಲ್ಲಿ ಹೊಳೆಯಿತು. ರುಚಿ, ಗುಣಮಟ್ಟ, ಬೆಲೆ ಎಂದು ಮುಲುಂಡ್‌ನಲ್ಲಿ ಹಿಟ್ಟು ಮಾರುವ ಯಾರು ಬೇಕಾದರೂ ಬರೆಯಬಹುದು. ಅದರಲ್ಲಿ ಅಕ್ಕ ಎಲ್ಲಿದ್ದಾರೆ?

ಮುಂದಿನ ವಾರ ಸಂಜೆಹೊತ್ತು ಅವರ ಬಾಗಿಲಲ್ಲೇ ಕೂತೆ. ಲೋಕಲ್ ಇಳಿದು ಬಂದ ಗುಜರಾತಿ ಹೆಂಗಸು ಕೇಳಿದ್ದು, “ಕಬ್ ಪೀಸಾ?” ಎಂದು. ಹಿಂದೆ ಬಂದ ಮರಾಠಿ ಅಜ್ಜಿಗೂ ಅದೇ ಪ್ರಶ್ನೆ, ಯಾವಾಗ ರುಬ್ಬಿದ್ದು? ಉಡುಪಿಯೋ ಕುಂದಾಪುರವೋ ಯಾರೂ ಕೇಳಲಿಲ್ಲ. ಹುಳಿ ಬಂದ ಹಿಟ್ಟು ತಂದು, ಬೆಳಿಗ್ಗೆ ಮಕ್ಕಳ ಡಬ್ಬಿಯ ಹೊತ್ತಿಗೆ ಪೇಚಾಡಿದವರು ಅವರು.

ಹಳೆಯ ಪೋಸ್ಟರ್ ಅಳಿಸಿ ಎರಡೇ ಸಾಲು ಬರೆದೆವು: ‘ಇವತ್ತು ಮಧ್ಯಾಹ್ನ ರುಬ್ಬಿದ ಹಿಟ್ಟು. ರಾತ್ರಿ ಹೊರಗಿಡಿ, ಬೆಳಿಗ್ಗೆ ಇಡ್ಲಿ ಮಾಡಿ.’ ಪ್ರತಿ ಪ್ಯಾಕೆಟ್ ಮೇಲೆ ರುಬ್ಬಿದ ತಾರೀಕು, ಗಂಟೆ.

ಬರೆಯುವುದು ಸುಲಭ, ನಡೆಸುವುದು ಕಷ್ಟ. ಉಳಿದ ಹಿಟ್ಟನ್ನು ಮರುದಿನ ಮಾರುವಂತಿಲ್ಲ. ಅದಕ್ಕೆ ಅಕ್ಕ ಹಿಂದಿನ ರಾತ್ರಿ ಹತ್ತರೊಳಗೆ ಆರ್ಡರ್ ತೆಗೆದುಕೊಂಡು, ಬೆಳಿಗ್ಗೆ ಅಷ್ಟೇ ಅಕ್ಕಿ-ಉದ್ದು ನೆನೆಹಾಕತೊಡಗಿದರು. ಒಂದು ದಿನ ಯಾರೋ ಆರ್ಡರ್ ರದ್ದು ಮಾಡಿ ಆರು ಪ್ಯಾಕೆಟ್ ಉಳಿಯಿತು. ಮರುದಿನ ಮನೆಗೆ ನೆಂಟರು ಬಂದರೆಂದು ಒಬ್ಬರು ಓಡಿಬಂದರು. ತಾರೀಕು ಬದಲಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಕ್ಕ, “ನಿನ್ನೆಯದು ಇದು. ದೋಸೆಗಾಗ್ತದೆ, ದುಡ್ಡು ಬೇಡ” ಎಂದು ಎರಡು ಪ್ಯಾಕೆಟ್ ಕೊಟ್ಟು ಕಳಿಸಿದರು. ಸಾಲದ ಕಂತು ಕಟ್ಟಬೇಕಾದ ವಾರ ಅದು. ನನಗೆ ಹೊಟ್ಟೆಯುರಿಯಿತು. ಆದರೆ ಆ ಹೆಂಗಸು ತಮ್ಮ ಸೊಸೈಟಿಯ ಗ್ರೂಪ್‌ನಲ್ಲಿ ಇದನ್ನೇ ಬರೆದರು. ಅಂಥ ಜಾಹೀರಾತು ನನ್ನ ಕೈಯಿಂದ ಸಾಧ್ಯವಿರಲಿಲ್ಲ.

ಉಪ್ಪಿನಕಾಯಿಯೋ ಹೊಲಿಗೆಯೋ ಟ್ಯೂಷನ್ನೋ, ನೀವೂ ಏನಾದರೂ ಶುರುಮಾಡಿದ್ದರೆ ಪೋಸ್ಟರ್‌ಗೆ ಮೊದಲು ಐದು ಗಿರಾಕಿಗಳ ಮಾತು ಕೇಳಿ. ಎಲ್ಲರೂ ಕೇಳುವ ಪ್ರಶ್ನೆ ಒಂದಿರುತ್ತದೆ. ಅದಕ್ಕೆ ನಿಜವಾದ ಉತ್ತರ ಕೊಡಲು ನಿಮ್ಮಿಂದ ದಿನವೂ ಆಗುತ್ತದೆಯೇ ನೋಡಿ. ಆಗುವುದಾದರೆ ಅದನ್ನೇ ಬರೆಯಿರಿ.

ಅಕ್ಕನ ಸಾಲ ಇನ್ನೂ ತೀರಿಲ್ಲ. ಆದರೆ ಗ್ರೈಂಡರ್ ಮಾರುವ ಮಾತು ನಿಂತಿದೆ. ಮಧ್ಯಾಹ್ನ ಎರಡು ಗಂಟೆಗೆ, ನನ್ನ ಆಫೀಸ್ ಮೀಟಿಂಗ್‌ನ ನಡುವೆ, ಮೇಲಿನ ಮಹಡಿಯಿಂದ ಅದರ ಗುರುಗುರು ಸದ್ದು ಕೇಳಿಸುತ್ತದೆ.